ಕಾಂಪೌಂಡ್ ಗೋಡೆಯಿಂದ ಹರ್ಬೇರಿಯಂವರೆಗೆ: ಬೆಂಗಳೂರಿನ ಹಾವಸೆ ಹುಡುಕಿ ದಾಖಲಿಸುವ ಬಗೆ

ಮಳೆ ಬಿಟ್ಟ ಬೆಳಿಗ್ಗೆ ಕಾಂಪೌಂಡ್ ಗೋಡೆಗೆ ಮೂಗು ತಾಗಿಸಿ ನಿಂತವರನ್ನು ಬೆಂಗಳೂರು ಸುಮ್ಮನೆ ಬಿಡುವುದಿಲ್ಲ. "ಏನ್ ಕಳ್ಕೊಂಡ್ರಿ ಸಾರ್?" ಎಂದು ಎದುರು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಕೇಳುತ್ತಾರೆ. "ಪಾಚಿ ನೋಡ್ತಿದೀನಿ" ಅಂದರೆ, "ಬ್ಲೀಚಿಂಗ್ ಪೌಡರ್ ಹಾಕಿ ಸಾರ್, ಹೋಗ್ಬಿಡತ್ತೆ" ಎಂಬ ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. ಅದು ಹೋಗುವುದಕ್ಕೆ ಮುಂಚೆ ಅದೇನೆಂದು ಬರೆದಿಡಬೇಕು ಅನ್ನಿಸುವವರಿಗೆ ಈ ಬರಹ.

ಹೊಸ ಜಾಗದಲ್ಲಿ ಹಾವಸೆ (ಇಂಗ್ಲಿಷಿನ ಮಾಸ್) ಹುಡುಕುವುದು ಅಂದರೆ ಆಗುಂಬೆಗೋ ಕುದುರೆಮುಖಕ್ಕೋ ಹೋಗುವುದು ಎಂದು ನಾನೂ ಅಂದುಕೊಂಡಿದ್ದೆ. ಬ್ರಿಟನ್ನಿನವರ ಲೆಕ್ಕ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಹ್ಯೂವೆಟ್ ವಾಟ್ಸನ್ ಎಂಬ ಸಸ್ಯವಿಜ್ಞಾನಿ 1852ರಲ್ಲಿ ಆ ದೇಶವನ್ನು 112 ತುಂಡುಗಳಾಗಿ ಹಂಚಿದ. ಇಂದಿಗೂ ಅಲ್ಲಿನ ಹವ್ಯಾಸಿಗಳು ಯಾವ ತುಂಡಿನಲ್ಲಿ ಯಾವ ಹಾವಸೆ ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಎಂದು ಪಟ್ಟಿ ಇಟ್ಟುಕೊಂಡಿದ್ದಾರೆ. ಮಾಮೂಲಿ ಹಾವಸೆಯೊಂದು ಹೊಸ ತುಂಡಿನಲ್ಲಿ ಕಂಡರೂ ಅದು ಸುದ್ದಿಯೇ. ನಮ್ಮಲ್ಲಿ ಬಲ್ಲವರ ಕಣ್ಣು ಬಿದ್ದದ್ದು ಹೆಚ್ಚಾಗಿ ಬೆಟ್ಟಗಳ ಮೇಲೆ. ಫ್ರೆಂಚ್ ಪಾದ್ರಿ ಜಾರ್ಜ್ ಫೋರೊ ಪಳನಿ ಬೆಟ್ಟಗಳ ಹಾವಸೆಗಳನ್ನು ವರ್ಷಗಟ್ಟಲೆ ಕೂಡಿಹಾಕಿದರು. ಶಿವರಾಮ್ ಕಶ್ಯಪ್ ಹಾವಸೆಯ ಹತ್ತಿರದ ಬಂಧುಗಳಾದ, ಪಶ್ಚಿಮ ಹಿಮಾಲಯದ ಲಿವರ್‌ವರ್ಟ್‌ಗಳನ್ನು ಬಿಡಿಸಿಟ್ಟರು. ಮಾಗಡಿ, ಹೊಸಕೋಟೆ, ಆನೇಕಲ್ ಕಡೆಗೆ ಲೆನ್ಸ್ ಹಿಡಿದು ಬಂದವರು ಅಷ್ಟಿಲ್ಲ. ಒಣಗಿಸಿಟ್ಟ ಹಾವಸೆಯ ಪೊಟ್ಟಣ ಇಲ್ಲದ ಊರೆಲ್ಲ ಹೊಸ ಊರೇ ಎಂಬುದು ನನ್ನ ಲೆಕ್ಕ.

ಪಾಚಿ, ಹಾವಸೆ, ಕಲ್ಲುಹೂವು

ನಮ್ಮ ಬಾಯಲ್ಲಿ ಕೆರೆ ಮೇಲಿನ ಹಸಿರೂ ಪಾಚಿ, ಗೋಡೆ ಮೇಲಿನ ಹಸಿರೂ ಪಾಚಿ. ಕೆಲಸಕ್ಕೆ ಇಳಿಯುವಾಗ ಇದು ಸಾಲದು. ಎಲೆ, ಕಾಂಡ ಇಲ್ಲದ ಲೋಳೆಯೋ ಪುಡಿಯೋ ಆಗಿದ್ದರೆ ಅದು ಪಾಚಿ, ಅಂದರೆ ಶೈವಲ. ಮರದ ಮೇಲೆ ಬೂದು ಬಣ್ಣದ ಚಕ್ಕೆಯಂತಿರುವುದು ಕಲ್ಲುಹೂವು; ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವುದು ಅದರದೇ ಬಂಧು, ಶಿಲೀಂಧ್ರ ಮತ್ತು ಶೈವಲ ಕೂಡಿ ಆದದ್ದು. ನಮಗೆ ಬೇಕಾದ ಹಾವಸೆಗೆ ಕಣ್ಣಿಗೆ ಕಾಣುವ ಪುಟ್ಟ ಎಲೆಗಳಿರುತ್ತವೆ, ಮುಟ್ಟಿದರೆ ಮಖಮಲ್ಲಿನಂತೆ ಇರುತ್ತದೆ.

ಲಿವರ್‌ವರ್ಟ್‌ನಲ್ಲಿ ಎರಡು ಬಗೆ. ಒಂದು ನೆಲಕ್ಕೆ ಅಂಟಿಕೊಂಡು ಕವಲೊಡೆಯುವ ಹಸಿರು ಪಟ್ಟಿ. ಇನ್ನೊಂದಕ್ಕೆ ಎಲೆಗಳಿದ್ದು ಹಾವಸೆಯೆಂದೇ ಮೋಸಗೊಳಿಸುತ್ತದೆ. ಲೆನ್ಸಿನಲ್ಲಿ ನೋಡಿ: ಎಲೆಗಳು ಕಾಂಡದ ಎರಡು ಬದಿಗೆ ಚಪ್ಪಟೆಯಾಗಿ ಕೂತು, ನಡುನರ ಇಲ್ಲದೆ, ಸೀಳಿಕೊಂಡೋ ಮಡಚಿಕೊಂಡೋ ಇದ್ದರೆ ಲಿವರ್‌ವರ್ಟ್ ಇರಬಹುದು. ಹಾವಸೆಯ ಎಲೆ ಸಾಮಾನ್ಯವಾಗಿ ಕಾಂಡದ ಸುತ್ತ ಸುರುಳಿಯಾಗಿ ಹತ್ತುತ್ತದೆ, ಬಹಳಷ್ಟಕ್ಕೆ ನಡುನರ ಇರುತ್ತದೆ. ಬೀಜಾಣುಗಳ ಕುಡಿಕೆ ಸಿಕ್ಕರೆ ಗೊಂದಲ ಬಹುಪಾಲು ಮುಗಿಯಿತು. ಹಾವಸೆಯ ಕುಡಿಕೆ ಗಟ್ಟಿ ಕಡ್ಡಿಯ ಮೇಲೆ ವಾರಗಟ್ಟಲೆ ನಿಲ್ಲುತ್ತದೆ, ಅದಕ್ಕೆ ಮುಚ್ಚಳವಿರುತ್ತದೆ. ಲಿವರ್‌ವರ್ಟಿನ ಕಡ್ಡಿ ಗಾಜಿನಂತೆ ತೆಳು, ಬೇಗ ಬಾಡುತ್ತದೆ. ಎಲೆಯಿರುವ ಜಾತಿಗಳಲ್ಲಿ ಕುಡಿಕೆ ಸಾಮಾನ್ಯವಾಗಿ ನಾಲ್ಕು ಸೀಳಾಗಿ ಬಿಚ್ಚಿಕೊಳ್ಳುತ್ತದೆ. ಹಸಿರು ಪಟ್ಟಿಯಿಂದ ಕೊಂಬಿನಂತೆ ನೆಟ್ಟಗೆ ಎದ್ದಿದ್ದರೆ ಅದು ಮೂರನೆಯ ಗುಂಪು, ಹಾರ್ನ್‌ವರ್ಟ್.

ಒಂದು ಎಚ್ಚರಿಕೆ. ಜರೀಗಿಡದ ಮರಿಗಳು ಹೃದಯದ ಆಕಾರದ ತೆಳು ಹಸಿರು ಬಿಲ್ಲೆಗಳಾಗಿ ಒದ್ದೆ ಗೋಡೆಯಲ್ಲಿ ಹುಟ್ಟುತ್ತವೆ. ಮೊದಲ ವರ್ಷ ನಾನು ಹೆಮ್ಮೆಯಿಂದ ಕಟ್ಟಿಟ್ಟ ನಾಲ್ಕು 'ಲಿವರ್‌ವರ್ಟ್' ಪೊಟ್ಟಣಗಳಲ್ಲಿ ಮೂರು ಇವೇ ಆಗಿದ್ದವು.

ಚೀಲದಲ್ಲಿ ಏನಿರಬೇಕು

ಹತ್ತು ಪಟ್ಟಿನ ಮಡಚುವ ಲೆನ್ಸ್. ನಗರ್ತಪೇಟೆಯ ಚಿನ್ನದ ಕೆಲಸದವರು ಕಣ್ಣಿಗಿಟ್ಟುಕೊಳ್ಳುವಂಥದ್ದೂ ನಡೆಯುತ್ತದೆ. ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಗಿಡವನ್ನು ಹತ್ತಿರ ತರಬೇಕು. ಗಿಡದ ಮೇಲೆ ಲೆನ್ಸ್ ಹಿಡಿದು ದೂರದಿಂದ ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ. ಮೊಂಡು ಚಾಕು, ನೀರು ಚಿಮುಕಿಸುವ ಸಣ್ಣ ಬಾಟಲಿ, ಪೆನ್ಸಿಲ್, ದಾರ ಕಟ್ಟಿದ ನೋಟ್‌ಬುಕ್, ಫೋನ್. ಜೆಲ್ ಪೆನ್ ಬೇಡ, ಒಂದು ಹನಿ ಬಿದ್ದರೆ ವಿಳಾಸ ತೊಳೆದುಹೋಗುತ್ತದೆ.

ಪೊಟ್ಟಣಗಳನ್ನು ಮನೆಯಲ್ಲೇ ಮಡಚಿಟ್ಟುಕೊಳ್ಳಿ. ಎ4 ಹಾಳೆಯನ್ನು ಉದ್ದುದ್ದ ಹಿಡಿದು, ಮೇಲೆ ಐದು ಸೆಂಟಿಮೀಟರ್ ಉಳಿಯುವಂತೆ ಕೆಳ ಅಂಚನ್ನು ಮೇಲಕ್ಕೆ ಮಡಚಿ. ಎರಡೂ ಬದಿಯನ್ನು ಮೂರೂವರೆ ಸೆಂಟಿಮೀಟರಿನಷ್ಟು ಹಿಂದಕ್ಕೆ ಮಡಚಿ. ಉಳಿದ ಐದು ಸೆಂಟಿಮೀಟರ್ ಮುಂದಕ್ಕೆ ಬಂದು ಮುಚ್ಚಳವಾಗುತ್ತದೆ. ಅಂಟು, ಪಿನ್ನು ಯಾವುದೂ ಬೇಡ. ಒದ್ದೆ ದಿನಗಳಲ್ಲಿ ಹಳೆ ಪೇಪರೇ ವಾಸಿ, ನೀರು ಹೀರುತ್ತದೆ.

ಪ್ಲಾಸ್ಟಿಕ್ ಕವರ್ ಮಾತ್ರ ಬೇಡವೇ ಬೇಡ. ಒಮ್ಮೆ ಶಿವಗಂಗೆಯ ಕಡೆಯಿಂದ ಬರುವಾಗ ಪೇಪರ್ ಮುಗಿದು ಜಿಪ್ ಕವರಿನಲ್ಲಿ ತುಂಬಿಕೊಂಡೆ, ಮನೆಗೆ ಬಂದು ಮರೆತೆ. ಐದನೇ ದಿನ ತೆರೆದಾಗ ಇಡ್ಲಿ ಹಿಟ್ಟು ಹುಳಿ ಹೋದ ವಾಸನೆ, ಬಿಳಿ ಬೂಷ್ಟು. ಅರ್ಧ ದಿನದ ಕೆಲಸ ಕಸದ ಬುಟ್ಟಿಗೆ ಹೋಯಿತು.

ಅನುಮತಿ

ನಿಮ್ಮ ಮನೆ, ನೆಂಟರ ತೋಟ, ಕೇಳಿದರೆ ಬೇಡ ಅನ್ನದವರ ಗೋಡೆ: ಮೊದಲ ಆರು ತಿಂಗಳಿಗೆ ಇಷ್ಟು ಸಾಕು. ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯವು. ಅಲ್ಲಿ ಫೋಟೋ ತೆಗೆಯಿರಿ, ಕೆರೆಯಬೇಡಿ. ಸಾವನದುರ್ಗ, ಬನ್ನೇರುಘಟ್ಟದಂಥ ಅರಣ್ಯ ಜಾಗಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. 'ಪಾಚಿ ತಾನೆ' ಎಂಬ ವಾದ ಅಲ್ಲಿ ನಡೆಯುವುದಿಲ್ಲ, ನಡೆಯಲೂ ಬಾರದು. ಮಾದರಿಯನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ. ಮೊದಲೇ ಕರ್ನಾಟಕ ಜೀವವೈವಿಧ್ಯ ಮಂಡಳಿಯಲ್ಲಿ ವಿಚಾರಿಸಿ.

ಎಲ್ಲಿ ಹುಡುಕುವುದು

ಪ್ಲಂಬರ್‌ಗಳನ್ನು ಕೇಳಿ. ತಮಾಷೆಯ ಮಾತಲ್ಲ. ಓಣಿಯಲ್ಲಿ ಎಲ್ಲಿ ಪೈಪ್ ಸೋರುತ್ತದೆ, ಯಾರ ಮನೆಯ ಟ್ಯಾಂಕ್ ದಿನಾ ತುಂಬಿ ಚೆಲ್ಲುತ್ತದೆ, ಯಾವ ಸಂಪಿನ ಮುಚ್ಚಳ ಬಿರುಕು ಬಿಟ್ಟಿದೆ ಎಂದು ಅವರಿಗೆ ಗೊತ್ತು. ಹಾವಸೆಗೆ ನೀರು ಹೀರುವ ಬೇರಿಲ್ಲ. ನೀರು ಮೈಗೆ ತಾಗಿದಾಗ ಬದುಕುತ್ತದೆ, ಒಣಗಿದಾಗ ಸುಮ್ಮನಾಗುತ್ತದೆ. ಹಾಗಾಗಿ ನೀರಿನ ಗುರುತು ಹಿಡಿದೇ ಹೋಗಬೇಕು: ಸಜ್ಜಾದಿಂದ ತೊಟ್ಟಿಕ್ಕುವ ಸಾಲು, ಎಸಿ ಪೈಪಿನ ಕೆಳಗೆ, ರಾಜಕಾಲುವೆಯ ಕಲ್ಲುಕಟ್ಟು, ಮಂಗಳೂರು ಹೆಂಚಿನ ಸಂದು, ಹೂಕುಂಡದ ಅಂಚು, ಕಲ್ಯಾಣಿಯ ಮೆಟ್ಟಿಲು, ಹಳೆ ಬಾವಿಯ ಒಳಗೋಡೆ (ಕಟ್ಟೆಯ ಮೇಲಿಂದ ಕೈಗೆಟುಕಿದಷ್ಟು ಮಾತ್ರ, ಇಳಿಯುವ ಸಾಹಸ ಬೇಡ).

ಸಿಮೆಂಟು, ಗಾರೆಯ ಗೋಡೆಯಲ್ಲಿ ಸುಣ್ಣ ಇಷ್ಟಪಡುವವು ಸಿಗುತ್ತವೆ, ಬೋಳು ಬಂಡೆಯಲ್ಲಿ ಬೇರೆಯವು. ಲಾಲ್‌ಬಾಗಿನ ಗುಡ್ಡದಂಥ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ (gneiss) ಎಂಬ ಬಗೆಯ ಬಂಡೆ ನಗರದ ಸುತ್ತ ಎಲ್ಲ ಕಡೆ ತಲೆಯೆತ್ತಿದೆ. ಅದರ ಬಿಸಿಲು ಮುಖ ಬಿಡಿ. ಸೀಳು, ದೊಣೆಯ ಅಂಚು, ಮಳೆನೀರು ಇಳಿಯುವ ಕಪ್ಪು ಪಟ್ಟೆಯ ಬುಡ ನೋಡಿ. ಮರಗಳಲ್ಲಿ ಒರಟು ತೊಗಟೆಯವನ್ನು ಆರಿಸಿ. ಮಾವು, ಮಳೆಮರದ ಬುಡ ಮತ್ತು ಕವಲಿನ ಸಂದು ಒಳ್ಳೆಯ ಜಾಗ. ನೀಲಗಿರಿ ಮರ ತೊಗಟೆ ಕಳಚುತ್ತಲೇ ಇರುವುದರಿಂದ ಅಲ್ಲಿ ಹೊತ್ತು ಕಳೆಯಬೇಡಿ. ಕೆರೆ ಇಳಿದ ಕೆಸರು, ರಾಗಿ ಹೊಲದ ಬದು, ಭತ್ತದ ಗದ್ದೆಯ ಅಂಚು ಲಿವರ್‌ವರ್ಟಿನ ಜಾಗ. ಇನ್ನಷ್ಟು ತಂಪು ಬೇಕೆಂದರೆ 1,478 ಮೀಟರ್ ಎತ್ತರದ ನಂದಿಬೆಟ್ಟ ಇದೆ. ಅಲ್ಲಿ ಮಂಜು ಮರದ ಕೊಂಬೆಯನ್ನು ಒದ್ದೆಯಾಗಿಡುತ್ತದೆ, ನಗರದಲ್ಲಿ ಕಾಣದವು ಕೊಂಬೆಗಳಲ್ಲಿ ಕಾಣುತ್ತವೆ.

ಜೂನ್‌ನಲ್ಲಿ ಶುರುಮಾಡಿದರೆ ಹಸಿರು ಸಿಗುತ್ತದೆ, ಹೆಸರು ಸಿಗುವುದು ಕಷ್ಟ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನ ಮಳೆ ಜೋರು. ಅದಾದ ಮೇಲೆ, ಮಾಗಿಯ ಚಳಿ ಮುಗಿಯುವವರೆಗೆ ಕುಡಿಕೆಗಳನ್ನು ಹುಡುಕಬೇಕು. ಬೇಸಿಗೆಯಲ್ಲೂ ಹೋಗಿ. ಕಪ್ಪಗೆ ಸತ್ತಂತಿರುವ ಮೆತ್ತೆಗೆ ನೀರು ಚಿಮುಕಿಸಿದರೆ ನೋಡನೋಡುತ್ತ ಎಲೆ ಬಿಚ್ಚುತ್ತದೆ. ಒಣಗಿದಾಗ ಎಲೆ ಹೇಗೆ ಮಡಚಿಕೊಂಡಿತ್ತು ಎಂಬುದು ಗುರುತಿಸಲು ದೊಡ್ಡ ಸುಳಿವು, ಹಾಗಾಗಿ ಚಿಮುಕಿಸುವ ಮೊದಲೇ ಒಂದು ಫೋಟೋ ತೆಗೆಯಿರಿ.

ನರ್ಸರಿಯಿಂದ ತಂದ ಕುಂಡದಲ್ಲಿ ಸಿಕ್ಕದ್ದನ್ನು ಬೆಂಗಳೂರಿನದೆಂದು ಬರೆಯಬೇಡಿ. ಮಣ್ಣು ಊಟಿಯಿಂದಲೋ ಪುಣೆಯಿಂದಲೋ ಬಂದಿರಬಹುದು. 'ನರ್ಸರಿ ಕುಂಡ' ಎಂದೇ ದಾಖಲಿಸಿ.

ಎತ್ತಿಕೊಳ್ಳುವುದು, ಬರೆದುಕೊಳ್ಳುವುದು

ಬೆಂಕಿಪೊಟ್ಟಣದ ಅರ್ಧದಷ್ಟು ಸಾಕು. ಇದ್ದದ್ದೇ ಅಷ್ಟು ಎಂದರೆ ಮುಟ್ಟಬೇಡಿ, ಫೋಟೋ ಸಾಕು. ಮೆತ್ತೆಯ ಅಂಚಿನಿಂದ ಚಾಕು ತೂರಿಸಿ, ಕುಡಿಕೆ ಇರುವ ಭಾಗ ಬರುವಂತೆ ಎತ್ತಿ, ಮಣ್ಣು ಉದುರಿಸಿ. ಕೆಸರಿನಲ್ಲಿ ಬೆಳೆಯುವ ರಿಕ್ಸಿಯಾ ಎಂಬ ಲಿವರ್‌ವರ್ಟ್ ಮಾತ್ರ ಇದಕ್ಕೆ ಹೊರತು. ಅದನ್ನು ಒಂದು ಸೆಂಟಿಮೀಟರ್ ಮಣ್ಣಿನ ಸಮೇತ ತನ್ನಿ, ಇಲ್ಲವಾದರೆ ದಾರಿಯಲ್ಲೇ ಪುಡಿಯಾಗುತ್ತದೆ. ಒಂದು ಪೊಟ್ಟಣಕ್ಕೆ ಒಂದೇ ಜಾಗದ್ದು. ಗೋಡೆಯದ್ದೂ ಪಕ್ಕದ ಮರದ್ದೂ ಒಂದರಲ್ಲೇ ಹಾಕಿದಿರೋ, ಎರಡೂ ಕೆಟ್ಟವು.

ಪೊಟ್ಟಣದ ಮೇಲೆ ಸಂಖ್ಯೆ, ನೋಟ್‌ಬುಕ್ಕಿನಲ್ಲಿ ಅದೇ ಸಂಖ್ಯೆ. ಒಂದರಿಂದ ಶುರುವಾದರೆ ಸಾಯುವವರೆಗೆ ಅದೇ ಸರಣಿ ಮುಂದುವರಿಯಲಿ. ಪ್ರತಿ ವರ್ಷ ಮತ್ತೆ ಒಂದರಿಂದ ಬರೆದು ನಾನು ಮೂರು 'ಹದಿನೇಳು'ಗಳ ಜೊತೆ ಹೆಣಗಾಡಿದ್ದೇನೆ.

ವಿಳಾಸ ಬರೆಯುವುದರಲ್ಲೇ ಬಹಳ ಜನ ಎಡವುತ್ತಾರೆ. ಸಾವನದುರ್ಗವನ್ನೇ ತೆಗೆದುಕೊಳ್ಳಿ. 1986ಕ್ಕೆ ಮುಂಚೆ ಅಲ್ಲಿಂದ ತಂದ ಮಾದರಿಯ ಮೇಲೆ ಬೆಂಗಳೂರು ಜಿಲ್ಲೆ ಎಂದಿರುತ್ತದೆ. ಆಮೇಲಿನದಕ್ಕೆ ಬೆಂಗಳೂರು ಗ್ರಾಮಾಂತರ. 2007ರಿಂದ ರಾಮನಗರ. 2025ರಲ್ಲಿ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಬೆಟ್ಟ ಕೂತಲ್ಲೇ ಕೂತಿದೆ, ಜಿಲ್ಲೆ ನಾಲ್ಕಾದವು. ನಂದಿಬೆಟ್ಟದ ಹಳೆ ಮಾದರಿಗಳು ಕೋಲಾರ ಜಿಲ್ಲೆಯವು, ಈಗ ಅದು ಚಿಕ್ಕಬಳ್ಳಾಪುರ. ಹೊಸಹಳ್ಳಿ ಎಂಬ ಊರಂತೂ ಎಷ್ಟು ತಾಲೂಕಿನಲ್ಲಿಲ್ಲ? ಆದ್ದರಿಂದ ಜಿಲ್ಲೆ, ತಾಲೂಕು, ಊರು ಬರೆದ ಮೇಲೆ ಅಕ್ಷಾಂಶ ರೇಖಾಂಶ ಕಡ್ಡಾಯ. ದಶಮಾಂಶದಲ್ಲಿ ಬರೆಯಿರಿ. ಬಿಂದುವಿನ ನಂತರ ಮೂರು ಅಂಕಿ ಇದ್ದರೆ ಸುಮಾರು 110 ಮೀಟರಿನೊಳಗೆ, ನಾಲ್ಕಿದ್ದರೆ 11 ಮೀಟರಿನೊಳಗೆ ಜಾಗ ಹಿಡಿಯಬಹುದು. ಫೋನ್ ಎಂಟು ಅಂಕಿ ತೋರಿಸುತ್ತದೆಂದು ಎಂಟನ್ನೂ ಬರೆದುಕೊಳ್ಳುವುದು ಸುಮ್ಮನೆ ಜಂಬ.

ನನ್ನ ಒಂದು ಚೀಟಿ ಹೀಗಿದೆ:

"ಸಂಖ್ಯೆ 63. ಭಾರತ, ಕರ್ನಾಟಕ, ಬೆಂಗಳೂರು ನಗರ ಜಿಲ್ಲೆ, ಬಸವನಗುಡಿ, ರಸ್ತೆ ಬದಿಯ ಕಲ್ಲುಗೋಡೆ. 12.9421 ಉ., 77.5752 ಪೂ., ಆಚೀಚೆ 10 ಮೀ. ಎತ್ತರ ಸುಮಾರು 915 ಮೀ. ಉತ್ತರಕ್ಕೆ ಮುಖವಿರುವ ಗೋಡೆ, ಕಲ್ಲುಗಳ ನಡುವಿನ ಸಿಮೆಂಟ್ ಗಾರೆ, ನೆಲದಿಂದ 40 ಸೆಂ.ಮೀ., ಟ್ಯಾಂಕಿನ ನೀರು ಹರಿಯುವ ಪಟ್ಟೆಯಲ್ಲಿ, ಅರೆನೆರಳು. ದಟ್ಟ ಹಸಿರು ಮೆತ್ತೆ, ಒಣಗಿದಾಗ ಎಲೆ ಕೊಳವೆಯಂತೆ ಒಳಕ್ಕೆ ಸುರುಳಿ. ಕುಡಿಕೆ ಇದೆ. ಪಕ್ಕದಲ್ಲಿ ಬೆಳ್ಳಿ ಬಣ್ಣದ ಇನ್ನೊಂದು, ಸಂಖ್ಯೆ 64."

ಕೆಳಗೆ ದಿನಾಂಕ, ಸಂಗ್ರಹಿಸಿದವರ ಹೆಸರು. ಗಿಡದ ಹೆಸರಿನ ಜಾಗ ಖಾಲಿ. ಅದು ಖಾಲಿಯೇ ಇರಲಿ. ಹೆಸರನ್ನು ಹತ್ತು ವರ್ಷ ಬಿಟ್ಟು ಯಾರು ಬೇಕಾದರೂ ಹಾಕಬಹುದು. ಗೋಡೆ ಯಾವ ದಿಕ್ಕಿಗಿತ್ತು ಎಂಬುದನ್ನು ನಾಳೆ ನೀವೇ ಹೇಳಲಾರಿರಿ.

ಮನೆಗೆ ಬಂದೊಡನೆ ಪೊಟ್ಟಣ ತೆರೆದು ನೆರಳಲ್ಲಿ, ಫ್ಯಾನಿನ ಕೆಳಗೆ ಒಂದೆರಡು ದಿನ ಹರಡಿ. ಹೂಗಿಡಗಳ ಹಾಗೆ ಭಾರ ಹೇರಿ ಒತ್ತಬಾರದು, ಬಿಸಿಲಿಗೂ ಇಡಬಾರದು. ಲಿವರ್‌ವರ್ಟ್ ಆದರೆ ಒಂದು ಚೂರನ್ನು ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಕಿ ಬದುಕಿಸಿಟ್ಟುಕೊಳ್ಳಿ. ಅದರ ಜೀವಕೋಶಗಳಲ್ಲಿ ಎಣ್ಣೆಯ ಪುಟ್ಟ ಕಾಯಗಳಿರುತ್ತವೆ. ಅವುಗಳ ಆಕಾರ, ಸಂಖ್ಯೆ ನೋಡಿಯೇ ಎಷ್ಟೋ ಜಾತಿಗಳನ್ನು ಬೇರ್ಪಡಿಸುತ್ತಾರೆ, ಒಣಗಿದರೆ ಅವು ಮಾಯ.

ಹೆಸರು ಹಿಡಿಯುವುದು

ಲೆನ್ಸ್ ನಿಮ್ಮನ್ನು ಕುಲದ ಬಾಗಿಲವರೆಗೆ ಕರೆದೊಯ್ಯುತ್ತದೆ, ಅದರಾಚೆಗೆ ಮೈಕ್ರೋಸ್ಕೋಪ್ ಬೇಕು. ಕಾಲೇಜಿನ ಲ್ಯಾಬಿನಲ್ಲಿರುವ, 400 ಪಟ್ಟು ತೋರಿಸುವ ಮಾಮೂಲಿಯದ್ದೇ ಸಾಕು. ಒಣ ಚೂರನ್ನು ಬಿಸಿನೀರಿನಲ್ಲಿ ಎರಡು ನಿಮಿಷ ನೆನೆಸಿ, ಚಿಮಟದಿಂದ ಎಲೆಯನ್ನು ಬುಡದ ಕಡೆಗೆ ಎಳೆದು ಕಿತ್ತು, ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿಟ್ಟು ಗಾಜು ಮುಚ್ಚಿ. ಎಲೆಯ ಬುಡವೇ ಹರಿದುಹೋದರೆ ಇನ್ನೊಂದು ಕೀಳಿ, ಗುರುತಿಸಲು ಬೇಕಾದ ಮೂಲೆಯ ಜೀವಕೋಶಗಳು ಅಲ್ಲೇ ಇರುವುದು. ಅಡ್ಡ ಸೀಳು ಬೇಕಾದಾಗ ಹೊಸ ಶೇವಿಂಗ್ ಬ್ಲೇಡಿನಿಂದ ಸೊಪ್ಪು ಹೆಚ್ಚಿದ ಹಾಗೆ ಹತ್ತಿಪ್ಪತ್ತು ಸಲ ಹೆಚ್ಚಿ. ಒಂದೆರಡಾದರೂ ಚೆನ್ನಾಗಿ ಬಂದಿರುತ್ತವೆ.

ಇಲ್ಲಿ ಪದೇ ಪದೇ ಎದುರಾಗುವ ಕೆಲವರ ಪರಿಚಯ ಮಾಡಿಕೊಂಡರೆ ಹೊಸಬರು ತಾವಾಗಿ ಎದ್ದು ಕಾಣುತ್ತಾರೆ.

ಗೋಡೆಯ ಒಡೆಯ ಹಯೋಫಿಲಾ ಇನ್ವೊಲ್ಯೂಟಾ. ಒದ್ದೆಯಾದಾಗ ಅಗಲ ಚಮಚದಂಥ ಎಲೆಗಳ ನಕ್ಷತ್ರ, ಒಣಗಿದಾಗ ಒಳಸುರುಳಿ, ಎಲೆತುದಿಯಲ್ಲಿ ಸಣ್ಣ ಗರಗಸ. ಕುಡಿಕೆಯ ಮುಚ್ಚಳ ಕಳಚಿದರೆ ಬಾಯಿ ಬೋಳು, ಹಲ್ಲಿಲ್ಲ. ಅದರ ಜೊತೆಗೇ ಬೆಳೆಯುವ ಬಾರ್ಬುಲಾ ಇಂಡಿಕಾದ ಎಲೆ ಕಿರಿದು, ಅಂಚು ಹೊರಕ್ಕೆ ಬಾಗಿದೆ. ಕುಡಿಕೆಯ ಬಾಯಲ್ಲಿ ಹಗ್ಗದಂತೆ ಹೊಸೆದ ಹಲ್ಲುಗಳಿವೆ. ಇವೆರಡನ್ನು ಬೇರ್ಪಡಿಸಲು ಕಲಿಯುವುದೇ ಒಂದು ಮಳೆಗಾಲದ ಪಾಠ. ನನಗೆ ಎರಡು ಮಳೆಗಾಲ ಹಿಡಿಯಿತು.

ಫುಟ್‌ಪಾತಿನ ಸಂದಿನಲ್ಲಿ ಬೆಳ್ಳಿಯಂತೆ ಹೊಳೆಯುವುದು ಬ್ರಯಮ್ ಅರ್ಜೆಂಟಿಯಮ್. ಎಲೆಯ ಮೇಲ್ತುದಿಯ ಜೀವಕೋಶಗಳಲ್ಲಿ ಪತ್ರಹರಿತ್ತು ಇಲ್ಲ, ಅದಕ್ಕೇ ಆ ಬಣ್ಣ. ಅದರ ನೆಂಟ ಬ್ರಯಮ್ ಕೊರೊನೇಟಮ್‌ನ ಕುಡಿಕೆ ತಲೆಕೆಳಗಾಗಿ ತೂಗುತ್ತದೆ, ಕುತ್ತಿಗೆ ಊದಿಕೊಂಡಿರುತ್ತದೆ. ಕಸ ಸುಟ್ಟ ಬೂದಿಯ ಜಾಗದಲ್ಲಿ ಫ್ಯುನೇರಿಯಾ ಹೈಗ್ರೊಮೆಟ್ರಿಕಾ ಹುಡುಕಿ. ಕುಡಿಕೆ ಓರೆ ಪೇರಲೆಯಂತೆ. ಕಡ್ಡಿ ತೇವಕ್ಕೆ ತಕ್ಕಂತೆ ಹುರಿಗೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಎಲೆಗಳು ಹಕ್ಕಿಗರಿಯಂತೆ ಎರಡೇ ಸಾಲಿನಲ್ಲಿದ್ದು, ಪ್ರತಿ ಎಲೆಗೂ ಬುಡದಲ್ಲಿ ಜೇಬಿದ್ದರೆ ಫಿಸಿಡೆನ್ಸ್. ತೆಂಗು, ತಾಳೆಯಂಥ ಮರದ ಕಾಂಡದಲ್ಲಿ ಬಿಳಿಚಿಕೊಂಡ ದಪ್ಪ ಎಲೆಯದ್ದಾದರೆ ಆಕ್ಟೊಬ್ಲೆಫಾರಮ್ ಆಲ್ಬಿಡಮ್. ಹೆಸರಿನಲ್ಲೇ ಇದ್ದಂತೆ ಅದರ ಕುಡಿಕೆಗೆ ಎಂಟು ಹಲ್ಲು.

ಲಿವರ್‌ವರ್ಟ್‌ಗಳಲ್ಲಿ ರಿಕ್ಸಿಯಾ ಕೆಸರಿನ ಮೇಲೆ ರಂಗೋಲಿಯ ಹೂವಿನಂತೆ ಹರಡುತ್ತದೆ. ಕುಡಿಕೆ ಹೊರಗೆ ಬರುವುದೇ ಇಲ್ಲ, ಪಟ್ಟಿಯೊಳಗೆ ಹೂತಿರುತ್ತದೆ. ಬಲಿತಾಗ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಜಾತಿ ಹೇಳಲು ಬೀಜಾಣುವಿನ ಮೇಲಿನ ಜಾಲರಿ ನೋಡಲೇಬೇಕು, ಎಳೆಯದನ್ನು ತಂದರೆ ಪ್ರಯೋಜನವಿಲ್ಲ. ಮೋರಿಯ ಕತ್ತಲ ಗೋಡೆಯಲ್ಲಿ ಹಳದಿ ಹಸಿರಾಗಿ ಮಿನುಗುವ ತೆಳು ಪಟ್ಟಿ ಸಯಾಥೋಡಿಯಮ್. ಮರದ ತೊಗಟೆಗೆ ಕಂದುಗೆಂಪಾಗಿ ಅಂಟಿದ ಫ್ರುಲಾನಿಯಾದ ಎಲೆಯಡಿಯಲ್ಲಿ ನೀರು ಹಿಡಿಯುವ ಪುಟ್ಟ ಗಡಿಗೆಗಳಿರುತ್ತವೆ. ಮೈಕ್ರೋಸ್ಕೋಪಿನಡಿ ಅದರೊಳಗೆ ರೋಟಿಫರ್ ಎಂಬ ಜೀವಿ ಚಕ್ರ ತಿರುಗಿಸುತ್ತಿದ್ದರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಹೆಸರು ಸಿಗದಿದ್ದರೆ 'ಬ್ರಯಮ್, ಜಾತಿ ತಿಳಿದಿಲ್ಲ' ಎಂದು ಬರೆಯಿರಿ. ಊಹೆಯ ಹೆಸರನ್ನು ಮುಂದಿನವರು ನಿಜವೆಂದು ನಂಬುತ್ತಾರೆ.

'ಹೊಸದು' ಎನ್ನುವ ಮುನ್ನ

ವಿಜ್ಞಾನಕ್ಕೇ ಗೊತ್ತಿಲ್ಲದ ಹೊಸ ಪ್ರಭೇದ ಒಂದು ಮಾತು, ಕರ್ನಾಟಕದಲ್ಲಿ ಮೊದಲ ಸಲ ಸಿಕ್ಕ ಹಳೆಯ ಪ್ರಭೇದ ಇನ್ನೊಂದು, ನಿಮ್ಮ ತಾಲೂಕಿಗೆ ಮೊದಲು ಎಂಬುದು ಮೂರನೆಯದು. ಮೂರನೆಯದಕ್ಕೆ ತಕ್ಕಷ್ಟು ಧೈರ್ಯ ಸಾಕು. ಎರಡನೆಯದನ್ನು ಹೇಳಬೇಕಾದರೆ ರಾಜ್ಯದ ಪ್ರಕಟಿತ ಪಟ್ಟಿಗಳನ್ನು ನೋಡಬೇಕು. ಹೆಸರುಗಳು ಬದಲಾಗಿರುವುದರಿಂದ ಹಳೆಯ ಹೆಸರಿನಲ್ಲೂ ಹುಡುಕಬೇಕು. ಬೇರೆ ಹೆಸರಿನಲ್ಲಿ 1930ರಲ್ಲೇ ದಾಖಲಾದದ್ದನ್ನು 'ಹೊಸದು' ಎಂದು ಬರೆದು ನಾಚಿಕೊಂಡವರಿದ್ದಾರೆ. ಆಮೇಲೆ ಆ ಗುಂಪನ್ನು ಬಲ್ಲ ಇನ್ನೊಬ್ಬರು ನಿಮ್ಮದೇ ಪೊಟ್ಟಣ ನೋಡಿ ಒಪ್ಪಬೇಕು. ಮೊದಲನೆಯದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಫೋಟೋಗಳನ್ನು, ಜೀವಿಗಳ ದಾಖಲೆಯ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿ. ಇಡೀ ಮೆತ್ತೆ, ಒಣಗಿದ್ದು, ಒದ್ದೆಯಾಗಿದ್ದು, ಕುಡಿಕೆ, ಎಲೆಯ ಜೀವಕೋಶ: ಐದೂ ಇರಲಿ, ಸಂಗ್ರಹ ಸಂಖ್ಯೆಯೂ ಇರಲಿ. ಹಸಿರು ಗೋಡೆಯ ಒಂದೇ ಫೋಟೋ ನೋಡಿ ಜಾತಿ ಹೇಳಬಲ್ಲೆ ಎನ್ನುವವರನ್ನು ನಂಬಬೇಡಿ.

ಪೊಟ್ಟಣಕ್ಕೆ ಮಾತ್ರ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳನ್ನು ಜೋಪಾನವಾಗಿಡುವ ಸಂಗ್ರಹಾಲಯ, ಬೇಕು. ನಮ್ಮೂರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಇದೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಹಾವಸೆಗಳದೇ ಸಂಗ್ರಹವಿದೆ, ಕೊಯಮತ್ತೂರಿನಲ್ಲಿ ಬೊಟಾನಿಕಲ್ ಸರ್ವೆಯ ದಕ್ಷಿಣ ಕೇಂದ್ರವಿದೆ. ಸುಮ್ಮನೆ ಪಾರ್ಸೆಲ್ ಕಳಿಸಬೇಡಿ. ಏನಿದೆ, ಎಷ್ಟಿದೆ, ಅನುಮತಿ ಪತ್ರ ಉಂಟೇ ಎಂದು ಮೊದಲು ಬರೆದು ಕೇಳಿ. ಅವರಿಗೆ ಕೊಡುವ ಚೀಟಿ ಇಂಗ್ಲಿಷಿನಲ್ಲಿರಲಿ, ಊರಿನ ಹೆಸರನ್ನು ಮಾತ್ರ ಕನ್ನಡದಲ್ಲೂ ಬರೆಯಿರಿ. ಇಂಗ್ಲಿಷಿನಲ್ಲಿ ಓದಿದವರಿಗೆ ಅದು ಹಳ್ಳಿಯೋ ಹಲ್ಲಿಯೋ ತಿಳಿಯುವುದಿಲ್ಲ. ಸಾಕಷ್ಟು ಇದ್ದಾಗ ಒಂದು ಪಾಲು ನಿಮ್ಮಲ್ಲೇ ಉಳಿಸಿಕೊಳ್ಳಿ.

ಮನೆಯ ಪಾಲನ್ನು ಶೂ ಡಬ್ಬದಲ್ಲಿ ಸಂಖ್ಯೆಯ ಕ್ರಮದಲ್ಲಿ ನಿಲ್ಲಿಸಿ, ಒಣ ಕಪಾಟಿನಲ್ಲಿಡಿ. ಹುಳ ಬಿದ್ದ ಅನುಮಾನ ಬಂದರೆ ಡಬ್ಬವನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಕವರ್ ಬಿಚ್ಚಬೇಡಿ, ತೇವ ಕೂತುಬಿಡುತ್ತದೆ. ಹಾವಸೆಗೆ ಪ್ಲಾಸ್ಟಿಕ್ ನಾನು ಒಪ್ಪುವುದು ಆ ಒಂದು ವಾರ ಮಾತ್ರ.